ಫ್ರೀಬಿಎಸ್‌ಡಿಯಲ್ಲಿ ಮೆಮೊರಿ ಡಿಸ್ಕ್: ಕಟ್ಟುವುದು, ಮೌಂಟ್ ಮಾಡುವುದು, ಬಿಚ್ಚುವುದು

ಗಂಗಾವತಿಯಿಂದ ಒಬ್ಬರು "ಡಿಸ್ಕ್ ಮೌಂಟ್ ಆಯ್ತು, ಆದ್ರೆ ಫೈಲ್ ಬರೆಯೋಕೆ ಬಿಡ್ತಿಲ್ಲ" ಅಂತ ಕೇಳುತ್ತಾರೆ. ಸಿಂಧನೂರಿನಿಂದ ಇನ್ನೊಬ್ಬರು "ಅನ್‌ಮೌಂಟ್ ಮಾಡಿದ್ರೂ ಮೆಮೊರಿ ವಾಪಸ್ ಬರಲಿಲ್ಲ" ಅಂತಾರೆ. ಬಳ್ಳಾರಿಯ ಒಂದು ಡಿಟಿಪಿ ಅಂಗಡಿಯವರದು ಎಲ್ಲಕ್ಕಿಂತ ದೊಡ್ಡ ಗೋಳು: "ರೀಬೂಟ್ ಮಾಡಿದ್ಮೇಲೆ ಮಷೀನ್ ಏಳಲೇ ಇಲ್ಲ." ಮೂರು ಕಡೆಯೂ ಕಮಾಂಡ್‌ಗಳು ಸರಿಯಾಗೇ ಇದ್ದವು. ಅವುಗಳ ಸರದಿ ತಪ್ಪಿತ್ತು, ಇಲ್ಲವೇ ನಡುವಿನ ಒಂದು ಹೆಜ್ಜೆ ಬಿಟ್ಟುಹೋಗಿತ್ತು. ಅದಕ್ಕೇ ಇಲ್ಲಿ ಯಾವುದಾದ ಮೇಲೆ ಯಾವುದು ಅನ್ನುವುದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಒಂದೊಂದೇ ಹಂತ ಮುಗಿಸಿ, ಅದು ಸರಿಯಾಗಿದೆಯಾ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.

ಮೆಮೊರಿ ಡಿಸ್ಕ್ ಅಂದರೆ ರ್ಯಾಮ್‌ನ ಒಂದು ಭಾಗವನ್ನು ಡಿಸ್ಕ್ ಥರ ಬಳಸುವುದು. ಆ ಡಿಸ್ಕನ್ನು ಒಂದು ಫೋಲ್ಡರ್‌ಗೆ ಜೋಡಿಸುವುದು ಮೌಂಟ್, ಕಳಚುವುದು ಅನ್‌ಮೌಂಟ್. ಬರೆಯುವುದು, ಓದುವುದು ತುಂಬಾ ಬೇಗ ಆಗುತ್ತದೆ. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಸವೆಯುವುದೂ ಕಡಿಮೆ. ಆದರೆ ಕರೆಂಟ್ ಹೋದ ಕ್ಷಣ ಅದರಲ್ಲಿದ್ದದ್ದೆಲ್ಲ ಹೋಯಿತು.

## ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ಫ್ರೀಬಿಎಸ್‌ಡಿ (ಲಿನಕ್ಸ್ ಥರದ ಒಂದು ಆಪರೇಟಿಂಗ್ ಸಿಸ್ಟಂ) ಹಾಕಿರುವ ಮಷೀನ್, ರೂಟ್ (ಎಲ್ಲ ಹಕ್ಕೂ ಇರುವ ಖಾತೆ) ಪಾಸ್‌ವರ್ಡ್, ಮತ್ತು ಮಷೀನ್‌ನ ಮುಂದೆಯೇ ಕೂತು ಕೆಲಸ ಮಾಡುವ ಅವಕಾಶ. ಕೊನೆಯದನ್ನು ಒತ್ತಿ ಹೇಳುತ್ತೇನೆ. ಎಸ್‌ಎಸ್‌ಎಚ್ ಮೂಲಕ ದೂರದಿಂದ ಎಲ್ಲ ಹಂತ ಮಾಡಬಹುದು, ಆದರೆ ಬೂಟ್‌ಗೆ ಸಂಬಂಧಿಸಿದ ಎಂಟನೇ ಹಂತದಲ್ಲಿ ಎಡವಿದರೆ ಕೀಬೋರ್ಡ್, ಮಾನಿಟರ್ ಬೇಕೇ ಬೇಕು. ರಾಯಚೂರಿನಲ್ಲಿ ಕೂತು ಮಾನ್ವಿಯ ಮಷೀನ್‌ಗೆ ಈ ಕೆಲಸ ಮಾಡಲು ಹೋಗಬೇಡಿ. ಜೊತೆಗೆ ಒಂದು ಯುಪಿಎಸ್ ಇರಲಿ.

ಬೇರೆ ಸಾಫ್ಟ್‌ವೇರ್ ಹಾಕಬೇಕಿಲ್ಲ. ಬೇಕಾದ ಕಮಾಂಡ್‌ಗಳೆಲ್ಲ ಸಿಸ್ಟಂ ಜೊತೆಗೇ ಬರುತ್ತವೆ.

ಕಮಾಂಡ್‌ಗಳನ್ನು ಇಲ್ಲಿ ಫೋನ್‌ನಲ್ಲಿ ಹೇಳಿ ಬರೆಸುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರದಲ್ಲಿ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ. ಹೈಫನ್ ಮತ್ತು ಅದರ ಪಕ್ಕದ ಅಕ್ಷರದ ನಡುವೆ ಜಾಗ ಬಿಡಬೇಡಿ. "ಎಂಡಿಕಾನ್ಫಿಗ್" ಅಂದರೆ ಎಂ, ಡಿ, ಅದಕ್ಕೆ ಅಂಟಿಕೊಂಡೇ ಕಾನ್ಫಿಗ್. "ಡೆವ್" ಅಂದರೆ ಡಿ, ಇ, ವಿ. ನಾನು ಉದಾಹರಣೆಗೆ ತೆಗೆದುಕೊಂಡಿರುವ ಫೋಲ್ಡರ್ "/ರ್ಯಾಮ್", ಮೂರೇ ಅಕ್ಷರ. ನಿಮಗೆ ಬೇರೆ ಹೆಸರು ಬೇಕಾದರೆ ಇಟ್ಟುಕೊಳ್ಳಿ, ಆದರೆ ಎಲ್ಲ ಕಡೆ ಅದನ್ನೇ ಬಳಸಿ.

## ಹಂತ 1: ಏನನ್ನು ಇಡುತ್ತೀರಿ, ತೀರ್ಮಾನಿಸಿ

ಇದಕ್ಕೆ ಕಂಪ್ಯೂಟರ್ ಮುಟ್ಟಬೇಕಿಲ್ಲ. ಆದರೂ ಇದನ್ನು ಮೊದಲ ಹಂತ ಮಾಡಿದ್ದೇನೆ, ಯಾಕಂದ್ರೆ ಇಲ್ಲಿ ತಪ್ಪಿದರೆ ಮುಂದಿನ ಯಾವ ಹಂತವೂ ನಿಮ್ಮನ್ನು ಕಾಪಾಡಲ್ಲ.

ಗಂಗಾವತಿ, ಕಾರಟಗಿ ಕಡೆಯ ಒಂದು ರೈಸ್ ಮಿಲ್ ನೆನೆಸಿಕೊಳ್ಳಿ. ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲಾಗಿ ನಿಂತಿವೆ. ವೇಬ್ರಿಡ್ಜ್ ಪಕ್ಕದ ಕೋಣೆಯ ಕಂಪ್ಯೂಟರ್ ಪ್ರತಿ ಲಾರಿಗೂ ಎರಡು ತೂಕ ಹಿಡಿಯುತ್ತದೆ: ಲೋಡ್ ಇದ್ದಾಗ ಒಂದು, ಖಾಲಿಯಾದ ಮೇಲೆ ಒಂದು. ತೂಕದ ಯಂತ್ರದಿಂದ ಬರುವ ಕಚ್ಚಾ ಅಂಕಿಗಳು ಸೆಕೆಂಡಿಗೆ ಹಲವು ಸಲ ಫೈಲ್‌ಗೆ ಬರೆಯಲ್ಪಡುತ್ತವೆ. ಈ ಕಚ್ಚಾ ಫೈಲ್ ಮೆಮೊರಿ ಡಿಸ್ಕ್‌ಗೆ ಹೇಳಿ ಮಾಡಿಸಿದ್ದು. ಹೋದರೆ ಹೋಗಲಿ, ಲಾರಿ ಇನ್ನೂ ಅಲ್ಲೇ ನಿಂತಿದೆ, ಮತ್ತೆ ತೂಗಬಹುದು. ಆದರೆ ಚೀಟಿ ಮುದ್ರಿಸಿ ಕೊಟ್ಟ ಮೇಲಿನ ಅಂತಿಮ ತೂಕ? ಅದರ ಮೇಲೆ ರೈತನ ದುಡ್ಡು ನಿಂತಿದೆ. ಅದು ಒಂದು ನಿಮಿಷಕ್ಕೂ ಮೆಮೊರಿ ಡಿಸ್ಕ್‌ನಲ್ಲಿ ಇರಬಾರದು. ನೇರವಾಗಿ ನಿಜವಾದ ಡಿಸ್ಕ್‌ಗೆ ಹೋಗಬೇಕು.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಎರಡು ಸಾಲು ಮಾಡಿ. "ಈಗಲೇ ಕರೆಂಟ್ ಹೋದರೆ ಪರವಾಗಿಲ್ಲ" ಅನ್ನುವವು ಒಂದು ಕಡೆ: ತಾತ್ಕಾಲಿಕ ಫೈಲ್‌ಗಳು, ಫೋಟೋಗಳ ಥಂಬ್‌ನೇಲ್, ಬ್ರೌಸರ್ ಕ್ಯಾಶ್, ಪ್ರೋಗ್ರಾಂ ಕಂಪೈಲ್ ಮಾಡುವಾಗ ಹುಟ್ಟುವ ನಡುವಿನ ಫೈಲ್‌ಗಳು. ಉಳಿದದ್ದೆಲ್ಲ ಇನ್ನೊಂದು ಕಡೆ: ಡೇಟಾಬೇಸ್, ಬಿಲ್, ಗಿರಾಕಿ ತಂದುಕೊಟ್ಟ ಮೂಲ ಫೋಟೋ, ಅರ್ಧ ಮುಗಿದ ಲಗ್ನಪತ್ರಿಕೆ ಡಿಸೈನ್. ಲಾಗ್ ಫೈಲ್‌ಗಳ ವಿಷಯದಲ್ಲಿ ಸ್ವಲ್ಪ ಯೋಚಿಸಿ. ಮಷೀನ್ ಯಾಕೆ ಬಿತ್ತು ಅಂತ ಆಮೇಲೆ ಹುಡುಕಬೇಕಾದರೆ ಲಾಗ್ ಬೇಕು, ಮಷೀನ್ ಬಿದ್ದಾಗಲೇ ಲಾಗ್ ಅಳಿಸಿಹೋದರೆ ಹುಡುಕುವುದೆಲ್ಲಿ? ಸರ್ವರ್ ಹೊಸದಾಗಿದ್ದು ಇನ್ನೂ ಸ್ಥಿರವಾಗಿಲ್ಲ ಅಂದರೆ ಲಾಗ್‌ಗಳನ್ನು ಡಿಸ್ಕ್‌ನಲ್ಲೇ ಬಿಡಿ.

## ಹಂತ 2: ಮೆಮೊರಿ ಎಷ್ಟಿದೆ, ಎಷ್ಟು ಉಳಿಯುತ್ತದೆ

ಇವೆರಡು ಕಮಾಂಡ್ ಕೊಡಿ:

ಸಿಸ್‌ಸಿಟಿಎಲ್ ಎಚ್‌ಡಬ್ಲ್ಯು.ಫಿಸ್‌ಮೆಮ್

ಸ್ವಾಪ್‌ಇನ್ಫೋ -ಎಚ್

ಮೊದಲನೆಯದು ಒಟ್ಟು ರ್ಯಾಮ್ ಎಷ್ಟು ಅಂತ ಬೈಟ್‌ಗಳಲ್ಲಿ ಹೇಳುತ್ತದೆ. "ಫಿಸ್‌ಮೆಮ್" ಬರೆಯುವಾಗ ಮೊದಲ ಎರಡು ಅಕ್ಷರ ಪಿ, ಎಚ್. ಎರಡನೆಯದು ಸ್ವಾಪ್ (ರ್ಯಾಮ್ ಸಾಲದಾದಾಗ ಬಳಸಲು ಡಿಸ್ಕ್‌ನಲ್ಲಿ ಇಟ್ಟ ಜಾಗ) ಎಷ್ಟಿದೆ, ಎಷ್ಟು ಬಳಕೆಯಲ್ಲಿದೆ ಅಂತ ತೋರಿಸುತ್ತದೆ. ಆಮೇಲೆ "ಟಾಪ್" ಕೊಟ್ಟು, ನಿಮ್ಮ ಕೆಲಸ ಜೋರಾಗಿ ನಡೆಯುವ ಹೊತ್ತಿನಲ್ಲಿ ಮೆಮೊರಿ ಸಾಲು ನೋಡಿ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನೋಡಿ ಅಳತೆ ನಿರ್ಧರಿಸಿದರೆ ಮಧ್ಯಾಹ್ನ ತೊಂದರೆ ಆಗುತ್ತದೆ.

ನನ್ನ ಲೆಕ್ಕ ಹೀಗಿದೆ: 4 ಜಿಬಿ ಮಷೀನ್‌ನಲ್ಲಿ 512 ಎಂಬಿ ಸಾಕು, 8 ಜಿಬಿಯಲ್ಲಿ 1 ರಿಂದ 2 ಜಿಬಿ. ಒಟ್ಟು ರ್ಯಾಮ್‌ನ ಕಾಲು ಭಾಗ ದಾಟಬೇಡಿ. ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಬಳಸುತ್ತಿದ್ದರೆ ಇನ್ನೂ ಕೈ ಬಿಗಿ ಹಿಡಿಯಿರಿ, ಅದರ ಕ್ಯಾಶ್‌ಗೇ ಸಾಕಷ್ಟು ರ್ಯಾಮ್ ಹೋಗಿರುತ್ತದೆ. ಟಾಪ್‌ನಲ್ಲಿ ಅದು "ವೈರ್ಡ್" ಲೆಕ್ಕದಲ್ಲಿ ಸೇರಿರುತ್ತದೆ.

## ಹಂತ 3: ಯಾವ ಬಗೆಯ ಡಿಸ್ಕ್

ಎಂಡಿ (ಮೆಮೊರಿ ಡಿಸ್ಕ್) ಡ್ರೈವರ್ ಕೊಡುವ ಬಗೆಗಳಲ್ಲಿ ನಮಗೆ ಬೇಕಾದವು ಮೂರು.

"ಮ್ಯಾಲಕ್" ಬಗೆ ಕರ್ನೆಲ್‌ನ, ಅಂದರೆ ಸಿಸ್ಟಂನ ತಿರುಳಿನ, ಸ್ವಂತ ಮೆಮೊರಿಯನ್ನು ಹಿಡಿಯುತ್ತದೆ. ಈ ಮೆಮೊರಿಯನ್ನು ಸ್ವಾಪ್‌ಗೆ ತಳ್ಳಲು ಆಗಲ್ಲ. ಡಿಸ್ಕ್ ದೊಡ್ಡದಾಗಿ, ಮೆಮೊರಿ ಮುಗಿದರೆ ಇಡೀ ಸಿಸ್ಟಂ ಪ್ಯಾನಿಕ್ ಆಗಿ ಬೀಳಬಹುದು. ಹಳೆಯ ಲೇಖನ ನೋಡಿ ಕಾಪಿ ಮಾಡಿದವರು ಇದನ್ನೇ ಹಾಕಿಕೊಂಡಿರುತ್ತಾರೆ. ನಿಮಗೆ ಖಚಿತವಾದ ಕಾರಣ ಇಲ್ಲದಿದ್ದರೆ ಬೇಡ.

"ಸ್ವಾಪ್" ಬಗೆಯೂ ಮೆಮೊರಿಯಲ್ಲೇ ಇರುತ್ತದೆ, ಆದರೆ ಒತ್ತಡ ಬಂದಾಗ ಅದರ ಪುಟಗಳು ಸ್ವಾಪ್‌ಗೆ ಹೋಗಬಲ್ಲವು. ಮಷೀನ್ ನಿಧಾನವಾಗುತ್ತದೆ, ಸ್ವಾಪ್ ಜಾಗ ಇರುವವರೆಗೆ ಬೀಳುವುದಿಲ್ಲ. ಹೆಸರು ನೋಡಿ "ಇದು ಹಾರ್ಡ್ ಡಿಸ್ಕ್‌ನಲ್ಲೇ ಬರೆಯುತ್ತೆ, ನಿಧಾನ" ಅಂದುಕೊಳ್ಳುವವರು ಜಾಸ್ತಿ. ರ್ಯಾಮ್ ಖಾಲಿ ಇರುವಷ್ಟು ಹೊತ್ತು ಎಲ್ಲ ರ್ಯಾಮ್‌ನಲ್ಲೇ ಇರುತ್ತದೆ. ನಾವು ಬಳಸುವುದು ಇದನ್ನೇ.

"ವಿನೋಡ್" ಬಗೆ ಒಂದು ಫೈಲನ್ನೇ ಡಿಸ್ಕ್ ಥರ ತೋರಿಸುತ್ತದೆ. ಐಎಸ್‌ಒ ಫೈಲ್ (ಸಿಡಿ, ಡಿವಿಡಿಯ ಪೂರ್ತಿ ಪ್ರತಿ) ತೆರೆಯಲು ಅನುಕೂಲ. ಕೊನೆಯ ಕಡೆ ಅದರ ಬಗ್ಗೆ ಹೇಳಿದ್ದೇನೆ.

ಇವಲ್ಲದೆ "ಟಿಎಂಪಿಎಫ್‌ಎಸ್" ಅನ್ನುವ ಬೇರೆಯೇ ಫೈಲ್ ಸಿಸ್ಟಂ ಇದೆ. ಇದರಲ್ಲಿ ಡಿಸ್ಕ್ ಕಟ್ಟುವುದು, ಫಾರ್ಮ್ಯಾಟ್ ಮಾಡುವುದು ಏನೂ ಇಲ್ಲ, ನೇರವಾಗಿ ಮೌಂಟ್. ಫೈಲ್ ಅಳಿಸಿದ ಕೂಡಲೇ ಮೆಮೊರಿ ವಾಪಸ್. ನನ್ನ ಅಭಿಪ್ರಾಯ ಕೇಳಿದರೆ, ಬರೀ ತಾತ್ಕಾಲಿಕ ಫೈಲ್ ಇಡುವುದಷ್ಟೇ ಕೆಲಸವಾಗಿದ್ದರೆ ಟಿಎಂಪಿಎಫ್‌ಎಸ್ಸೇ ಸಾಕು, ಸೀದಾ ಏಳನೇ ಹಂತಕ್ಕೆ ಹೋಗಿ. ನಿಜವಾದ ಡಿಸ್ಕ್‌ನ ಹಾಗೆ ಒಂದು ಡಿವೈಸ್ ಬೇಕು, ಅದರ ಮೇಲೆ ಪಾರ್ಟಿಷನ್ ಮಾಡುವುದನ್ನೋ ಫೈಲ್ ಸಿಸ್ಟಂ ಕಟ್ಟುವುದನ್ನೋ ಕಲಿಯಬೇಕು ಅನ್ನುವವರಿಗೆ ಎಂಡಿ. ಕಾಲೇಜ್ ಲ್ಯಾಬ್‌ಗಳಿಗೆ ಇದು ತುಂಬಾ ಒಳ್ಳೆಯದು. ಹುಡುಗರು ಏನು ಕೆಡಿಸಿದರೂ ನಿಜವಾದ ಡಿಸ್ಕ್‌ಗೆ ಏನೂ ಆಗಲ್ಲ.

## ಹಂತ 4: ಡಿಸ್ಕ್ ಹುಟ್ಟಿಸುವುದು

ಮೊದಲು ಈಗಾಗಲೇ ಏನಿದೆ ನೋಡಿ:

ಎಂಡಿಕಾನ್ಫಿಗ್ -ಎಲ್

ಏನೂ ಬರದಿದ್ದರೆ ಯಾವ ಎಂಡಿ ಡಿಸ್ಕೂ ಇಲ್ಲ. ಎಂಡಿ0 ಅಂತ ಬಂದರೆ ಸೊನ್ನೆ ನಂಬರ್ ಬಳಕೆಯಲ್ಲಿದೆ. ನಾವು 1 ತೆಗೆದುಕೊಳ್ಳೋಣ:

ಎಂಡಿಕಾನ್ಫಿಗ್ -ಎ -ಟಿ ಸ್ವಾಪ್ -ಎಸ್ 512ಎಂ -ಯು 1

"-ಎ" ಅಂದರೆ ಹೊಸದನ್ನು ಜೋಡಿಸು. "-ಟಿ" ಬಗೆ, "-ಎಸ್" ಅಳತೆ, "-ಯು" ನಂಬರ್. ಎಲ್ಲವೂ ಸಣ್ಣಕ್ಷರ. ಎಸ್ ದೊಡ್ಡಕ್ಷರದಲ್ಲಿ ಬಿದ್ದರೆ ಅದು ಸೆಕ್ಟರ್ ಅಳತೆಯಾಗುತ್ತದೆ, ಅರ್ಥವೇ ಬೇರೆ.

ಇಲ್ಲಿ ಅತಿ ಹೆಚ್ಚು ಜನ ಎಡವುವುದು 512ರ ಪಕ್ಕದ ಎಂ ಅಕ್ಷರದಲ್ಲಿ. ಅದನ್ನು ಬಿಟ್ಟು ಬರೀ 512 ಅಂತ ಕೊಟ್ಟರೆ ಸಿಸ್ಟಂ ಅದನ್ನು 512 ಸೆಕ್ಟರ್ ಅಂತ ತಿಳಿಯುತ್ತದೆ. ಒಂದು ಸೆಕ್ಟರ್ 512 ಬೈಟ್. ಅಂದರೆ ನಿಮ್ಮ ಡಿಸ್ಕ್ ಬರೀ 256 ಕೆಬಿ! ಫೋನಿನಲ್ಲಿ ತೆಗೆದ ಒಂದು ಫೋಟೋಗೂ ಜಾಗ ಇರಲ್ಲ. ತಪ್ಪು ಅಂತ ಯಾವ ಸಂದೇಶವೂ ಬರುವುದಿಲ್ಲ, ಏಕೆಂದರೆ ಸಿಸ್ಟಂ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ.

ನಂಬರ್ ಕೊಟ್ಟಾಗ ಕಮಾಂಡ್ ಏನನ್ನೂ ಮುದ್ರಿಸದೆ ಮುಗಿಯುತ್ತದೆ. ಗಾಬರಿ ಬೇಡ. ನಂಬರ್ ಕೊಡದಿದ್ದರೆ ಮಾತ್ರ ತಾನೇ ಒಂದನ್ನು ಆರಿಸಿ ಹೆಸರು ಹೇಳುತ್ತದೆ. ಈಗ ಹೀಗೆ ಕೇಳಿ:

ಎಂಡಿಕಾನ್ಫಿಗ್ -ಎಲ್ -ವಿ

ಎಂಡಿ1, ಸ್ವಾಪ್, 512ಎಂ ಅಂತ ಒಂದು ಸಾಲು ಬರಬೇಕು. ಅಳತೆ ಬೇರೆ ಇದ್ದರೆ ಇಲ್ಲೇ ನಿಲ್ಲಿಸಿ, "ಎಂಡಿಕಾನ್ಫಿಗ್ -ಡಿ -ಯು 1" ಕೊಟ್ಟು ತೆಗೆದುಹಾಕಿ, ಮತ್ತೆ ಮಾಡಿ.

ಇನ್ನೊಂದು ಮಾತು. ಈ ಹೊತ್ತಿಗೆ 512 ಎಂಬಿ ರ್ಯಾಮ್ ಖರ್ಚಾಗಿಲ್ಲ. ಬರೆದಷ್ಟೇ ಹಿಡಿಯುತ್ತದೆ. ಅದಕ್ಕೇ 2 ಜಿಬಿ ರ್ಯಾಮ್ ಇರುವ ಮಷೀನ್‌ನಲ್ಲಿ ಅಷ್ಟೇ ದೊಡ್ಡ ಡಿಸ್ಕ್ ಮಾಡಿದರೂ ಸುಮ್ನೆ ಒಪ್ಪಿಕೊಂಡುಬಿಡಬಹುದು. ತೊಂದರೆ ಬರುವುದು ಡಿಸ್ಕ್ ತುಂಬುತ್ತಾ ಹೋದಾಗ.

## ಹಂತ 5: ಫಾರ್ಮ್ಯಾಟ್

ನ್ಯೂಎಫ್‌ಎಸ್ -ಯು -ಟಿ /ಡೆವ್/ಎಂಡಿ1

ಇಲ್ಲಿ ಯು ದೊಡ್ಡಕ್ಷರ, ಟಿ ಸಣ್ಣಕ್ಷರ. ಯು ಸಾಫ್ಟ್ ಅಪ್‌ಡೇಟ್ಸ್ (ಬರೆಯುವ ಸರದಿ ನೋಡಿಕೊಂಡು ಫೈಲ್ ಸಿಸ್ಟಂ ಕೆಡದಂತೆ ಕಾಯುವ ಏರ್ಪಾಡು) ಚಾಲೂ ಮಾಡುತ್ತದೆ. ಟಿ ತುಂಬಾ ಮುಖ್ಯ, ಆದರೆ ಹೆಚ್ಚಿನವರು ಬಿಡುತ್ತಾರೆ. ಅದಿಲ್ಲದಿದ್ದರೆ ನೀವು ಫೈಲ್ ಅಳಿಸಿದರೂ ಫೈಲ್ ಸಿಸ್ಟಂ ಆ ಜಾಗ ಖಾಲಿಯಾಯಿತು ಅಂತ ಕೆಳಗಿನ ಡಿಸ್ಕ್‌ಗೆ ತಿಳಿಸುವುದಿಲ್ಲ. ಡಿಸ್ಕ್ ಆ ಮೆಮೊರಿ ಹಿಡಿದುಕೊಂಡೇ ಕೂತಿರುತ್ತದೆ. ಟಿ ಕೊಟ್ಟರೆ ಅಳಿಸಿದ್ದು ಮೆಮೊರಿಗೆ ವಾಪಸ್ ಸೇರುತ್ತದೆ.

ಎಂಟರ್ ಒತ್ತುವ ಮುಂಚೆ ಡಿವೈಸ್ ಹೆಸರನ್ನು ಬೆರಳಿಟ್ಟು ಓದಿ. ಎಂಡಿ1 ಬದಲು ಎಡಿಎ0 ಅಥವಾ ಡಿಎ0 ಅಂತ ಬಿದ್ದರೆ ಅದು ನಿಮ್ಮ ನಿಜವಾದ ಹಾರ್ಡ್ ಡಿಸ್ಕೋ ಪೆನ್ ಡ್ರೈವೋ ಆಗಿರುತ್ತದೆ. "ಖಚಿತವಾ?" ಅಂತ ನ್ಯೂಎಫ್‌ಎಸ್ ಕೇಳುವುದಿಲ್ಲ. ಈ ತಪ್ಪನ್ನು ಆಮೇಲೆ ಸರಿಪಡಿಸಲಾಗದು.

ಸರಿಯಾಗಿ ಆದರೆ ಸೂಪರ್‌ಬ್ಲಾಕ್‌ಗಳ ನಂಬರ್‌ಗಳ ಒಂದು ಪಟ್ಟಿ ಬರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

## ಹಂತ 6: ಮೌಂಟ್, ಆಮೇಲೆ ಅನುಮತಿ

ಎಂಕೆಡಿಐಆರ್ /ರ್ಯಾಮ್

ಮೌಂಟ್ /ಡೆವ್/ಎಂಡಿ1 /ರ್ಯಾಮ್

ಚ್‌ಮೋಡ್ 1777 /ರ್ಯಾಮ್

ಈ ಮೂರು ಇದೇ ಸರದಿಯಲ್ಲಿ ಇರಬೇಕು. ಚ್‌ಮೋಡ್ ಅಂದರೆ ಸಿ, ಎಚ್, ಎಂ, ಓ, ಡಿ. ಗಂಗಾವತಿಯವರ ತೊಂದರೆ ಇಲ್ಲೇ ಇತ್ತು: ಚ್‌ಮೋಡ್ ಮೊದಲು, ಮೌಂಟ್ ಆಮೇಲೆ. ಮೌಂಟ್ ಆದ ಮೇಲೆ ಕಾಣುವುದು ಹೊಸ ಡಿಸ್ಕ್‌ನ ಮೇಲ್ಪದರ. ಕೆಳಗಿದ್ದ ಹಳೆಯ ಫೋಲ್ಡರ್‌ಗೆ ಕೊಟ್ಟ ಅನುಮತಿ ಅದಕ್ಕೆ ಅನ್ವಯಿಸಲ್ಲ. ಹೊಸ ಡಿಸ್ಕ್‌ನ ಒಡೆಯ ರೂಟ್, ಬೇರೆಯವರಿಗೆ ಬರೆಯುವ ಹಕ್ಕಿಲ್ಲ. ಹಾಗಾಗಿ ಮೌಂಟ್ ಮಾಡಿದ ನಂತರವೇ ಅನುಮತಿ ಕೊಡಬೇಕು.

1777ರಲ್ಲಿ ಮೊದಲಿನ 1 ಬಿಡಬೇಡಿ. ಎಲ್ಲರೂ ಬರೆಯಬಹುದು, ಆದರೆ ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸುವಂತಿಲ್ಲ ಅನ್ನುವುದನ್ನು ಕಾಯುವುದು ಆ ಒಂದೇ ಅಂಕಿ. ಒಬ್ಬರೇ ಬಳಸುವ ಡಿಸ್ಕ್ ಆದರೆ 700 ಕೊಟ್ಟು, ಒಡೆತನವನ್ನು "ಚೋನ್" ಕಮಾಂಡ್‌ನಿಂದ ಅವರಿಗೆ ಬರೆಯಿರಿ.

ಫೋಲ್ಡರ್ ಖಾಲಿ ಇರಬೇಕು ಅನ್ನುವುದನ್ನೂ ಗಮನಿಸಿ. ಫೈಲ್ ಇರುವ ಫೋಲ್ಡರ್ ಮೇಲೆ ಮೌಂಟ್ ಮಾಡಿದರೆ ಆ ಫೈಲ್‌ಗಳು ಅಳಿಸಿಹೋಗಲ್ಲ, ಆದರೆ ಕಣ್ಣಿಗೆ ಕಾಣಲ್ಲ. "ಡೇಟಾ ಎಲ್ಲ ಹೋಯ್ತು" ಅಂತ ಓಡಿ ಬಂದವರಿಗೆ ಒಂದೇ ಉತ್ತರ: ಅನ್‌ಮೌಂಟ್ ಮಾಡಿ, ಅಲ್ಲೇ ಇದೆ.

ಈಗ "ಡಿಎಫ್ -ಎಚ್ /ರ್ಯಾಮ್" ಕೊಟ್ಟು ನೋಡಿ. 512 ಎಂಬಿ ಕೊಟ್ಟಿದ್ದರೂ ಬಳಸಲು ಸಿಗುವ ಜಾಗ ಕಡಿಮೆ ಕಾಣುತ್ತದೆ. ಫೈಲ್ ಸಿಸ್ಟಂ ತನ್ನ ಲೆಕ್ಕಪತ್ರಕ್ಕೆ ಸ್ವಲ್ಪ ಇಟ್ಟುಕೊಳ್ಳುತ್ತದೆ, ಅದರ ಮೇಲೆ 8 ಶೇಕಡಾ ಜಾಗವನ್ನು ಸಾಮಾನ್ಯ ಬಳಕೆದಾರರಿಗೆ ಕೊಡದೆ ಕಾದಿರಿಸುತ್ತದೆ. ಇದು ದೋಷ ಅಲ್ಲ.

ಪರೀಕ್ಷೆಗೆ ರೂಟ್‌ನಿಂದ ಹೊರಗೆ ಬನ್ನಿ. ಸಾಮಾನ್ಯ ಬಳಕೆದಾರರಾಗಿ ಲಾಗಿನ್ ಆಗಿ "ಟಚ್ /ರ್ಯಾಮ್/ನೋಡು" ಕೊಡಿ, ಬೇರೆ ಹೆಸರಾದರೂ ಸರಿ. ಫೈಲ್ ಹುಟ್ಟಿದರೆ ಅನುಮತಿ ಸರಿ ಇದೆ. ರೂಟ್ ಆಗಿಯೇ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗಲ್ಲ, ರೂಟ್‌ಗೆ ಎಲ್ಲವೂ ನಡೆಯುತ್ತದೆ ಅಲ್ವಾ.

ಆಮೇಲೆ ಒಂದು 100 ಎಂಬಿ ಬರೆದು ನೋಡಿ:

ಡಿಡಿ ಐಎಫ್=/ಡೆವ್/ಝೀರೋ ಓಎಫ್=/ರ್ಯಾಮ್/ಟೆಸ್ಟ್ ಬಿಎಸ್=1ಎಂ ಕೌಂಟ್=100

ಮುಗಿದ ಮೇಲೆ ಆ ಫೈಲ್ ಅಳಿಸಿಬಿಡಿ.

## ಹಂತ 7: ಒಂದೇ ಸಾಲಿನ ದಾರಿ

ಎಂಡಿ ಬಳಸುವವರು ಮೇಲಿನ ಮೂರು ಹಂತಗಳನ್ನು ಕೈಯಾರೆ ಒಮ್ಮೆ ಮಾಡಿ ಅರ್ಥ ಮಾಡಿಕೊಂಡ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಕಟ್ಟುವುದು, ಫಾರ್ಮ್ಯಾಟ್, ಮೌಂಟ್, ಅನುಮತಿ ಎಲ್ಲವನ್ನೂ "ಎಂಡಿಎಂಎಫ್‌ಎಸ್" ಒಂದೇ ಸಲಕ್ಕೆ ಮಾಡುತ್ತದೆ:

ಎಂಡಿಎಂಎಫ್‌ಎಸ್ -ಪಿ 1777 -ಎಸ್ 512ಎಂ ಎಂಡಿ1 /ರ್ಯಾಮ್

ಟಿಎಂಪಿಎಫ್‌ಎಸ್ ಆರಿಸಿಕೊಂಡವರು ಫೋಲ್ಡರ್ ಮಾಡಿಕೊಂಡು ಹೀಗೆ ಕೊಡಿ:

ಮೌಂಟ್ -ಟಿ ಟಿಎಂಪಿಎಫ್‌ಎಸ್ -ಓ ಸೈಜ್=512ಎಂ,ಮೋಡ್=1777 ಟಿಎಂಪಿಎಫ್‌ಎಸ್ /ರ್ಯಾಮ್

ಅಲ್ಪವಿರಾಮದ ಪಕ್ಕ ಜಾಗ ಇರಬಾರದು. ಸೈಜ್ ಕೊಡುವುದನ್ನು ಮರೆಯಬೇಡಿ. ಮಿತಿ ಇಲ್ಲದ ಟಿಎಂಪಿಎಫ್‌ಎಸ್ ಇರುವ ರ್ಯಾಮ್, ಸ್ವಾಪ್ ಎರಡನ್ನೂ ನುಂಗುವವರೆಗೆ ಬೆಳೆಯಬಲ್ಲದು. ರಾತ್ರಿ ಒಂದು ಸ್ಕ್ರಿಪ್ಟ್ ಹುಚ್ಚು ಹಿಡಿದು ಬರೆಯತೊಡಗಿದರೆ ಬೆಳಿಗ್ಗೆ ಮಷೀನ್ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

## ಹಂತ 8: ಬೂಟ್ ಆದಾಗ ತಾನೇ ಬರುವಂತೆ ಮಾಡುವುದು

ಕೈಯಾರೆ ಮಾಡಿದ ಡಿಸ್ಕ್ ನಿಮ್ಮ ಮಾಮೂಲಿ ಕೆಲಸದ ನಡುವೆ ಕೆಲವು ದಿನ ಚೆನ್ನಾಗಿ ನಡೆದ ಮೇಲೆ ಈ ಹಂತ. ಮೊದಲ ದಿನವೇ ಬೇಡ.

ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕು ಅನ್ನುವ ಪಟ್ಟಿ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿರುತ್ತದೆ. ಮೊದಲು ಅದರ ನಕಲು:

ಸಿಪಿ /ಇಟಿಸಿ/ಎಫ್‌ಎಸ್‌ಟ್ಯಾಬ್ /ಇಟಿಸಿ/ಎಫ್‌ಎಸ್‌ಟ್ಯಾಬ್.ಓಲ್ಡ್

ಆಮೇಲೆ ಮೂಲ ಫೈಲ್‌ನ ಕೊನೆಗೆ ಒಂದೇ ಒಂದು ಸಾಲು ಸೇರಿಸಿ. ಎಂಡಿ ಬಳಸುವವರಿಗೆ:

ಎಂಡಿ  /ರ್ಯಾಮ್  ಎಂಎಫ್‌ಎಸ್  ಆರ್‌ಡಬ್ಲ್ಯು,-ಎಸ್512ಎಂ,-ಪಿ1777  0  0

ಟಿಎಂಪಿಎಫ್‌ಎಸ್ ಬಳಸುವವರಿಗೆ:

ಟಿಎಂಪಿಎಫ್‌ಎಸ್  /ರ್ಯಾಮ್  ಟಿಎಂಪಿಎಫ್‌ಎಸ್  ಆರ್‌ಡಬ್ಲ್ಯು,ಸೈಜ್=512ಎಂ,ಮೋಡ್=1777,ಫೇಲ್‌ಓಕೆ  0  0

"ಫೇಲ್‌ಓಕೆ" ಒಂದೇ ಪದವಾಗಿ ಬರೆಯಿರಿ. ಈ ಮೌಂಟ್ ಆಗದಿದ್ದರೂ ಬೂಟ್ ನಿಲ್ಲಿಸಬೇಡ ಅಂತ ಅದರ ಅರ್ಥ. ಕೊನೆಯ ಎರಡು ಸೊನ್ನೆ ಹಾಗೇ ಇರಲಿ. ಪ್ರತಿ ಸಲ ಹೊಸದಾಗಿ ಹುಟ್ಟುವ ಡಿಸ್ಕ್‌ಗೆ ತಪಾಸಣೆಯ ಅಗತ್ಯ ಇಲ್ಲ.

ಈಗ ರೀಬೂಟ್ ಮಾಡಲು ಕೈ ತುರಿಸುತ್ತದೆ. ತಡೆಯಿರಿ. ಕೈಯಾರೆ ಮಾಡಿದ ಹಳೆಯದನ್ನು ಬಿಚ್ಚಿ, ಬಿಚ್ಚುವ ಕ್ರಮ ಮುಂದಿನ ಹಂತದಲ್ಲಿದೆ. ಆಮೇಲೆ "ಮೌಂಟ್ /ರ್ಯಾಮ್" ಅಂತಷ್ಟೇ ಕೊಡಿ. ಸಿಸ್ಟಂ ಆ ಹೊಸ ಸಾಲನ್ನು ಓದಿ ಮೌಂಟ್ ಮಾಡಬೇಕು. ಸಾಲಿನಲ್ಲಿ ತಪ್ಪಿದ್ದರೆ ಈಗಲೇ ಗೊತ್ತಾಗುತ್ತದೆ, ಮಷೀನ್ ಇನ್ನೂ ಬದುಕಿದೆ, ತಿದ್ದಬಹುದು. ಬಳ್ಳಾರಿಯವರು ಬಿಟ್ಟದ್ದು ಇದೇ ಪರೀಕ್ಷೆ. ಇದು ಸರಿಯಾದ ಮೇಲೆ ರೀಬೂಟ್. ಈ ಕಮಾಂಡನ್ನು ಎರಡು ಸಲ ಕೊಡಬೇಡಿ. ಎಂಡಿ ಆದರೆ ಎರಡನೆಯ ಡಿಸ್ಕ್ ಮೊದಲನೆಯದರ ಮೇಲೆ ಕೂರುತ್ತದೆ, ಕೆಳಗಿನದು ಕಾಣದೆಯೇ ಮೆಮೊರಿ ಹಿಡಿದಿರುತ್ತದೆ.

ಇಷ್ಟಾದರೂ ಬೂಟ್ ನಡುವೆ ನಿಂತು, ಶೆಲ್‌ನ ಪೂರ್ತಿ ಹೆಸರು ಕೊಡಿ ಅಂತ ಕೇಳಿದರೆ ನೀವು ಸಿಂಗಲ್ ಯೂಸರ್ ಮೋಡ್‌ನಲ್ಲಿದ್ದೀರಿ. ಎಂಟರ್ ಒತ್ತಿ. ರೂಟ್ ಡಿಸ್ಕ್ (ಸಿಸ್ಟಂ ಇರುವ ಮುಖ್ಯ ಡಿಸ್ಕ್) ಯುಎಫ್‌ಎಸ್, ಅಂದರೆ ನ್ಯೂಎಫ್‌ಎಸ್ ಕಟ್ಟುವ ಫೈಲ್ ಸಿಸ್ಟಂ, ಆಗಿದ್ದರೆ "ಮೌಂಟ್ -ಯು /" ಕೊಡಿ, ಯು ಸಣ್ಣಕ್ಷರ. ಅಷ್ಟು ಹೊತ್ತು ಅದು ಓದಲಷ್ಟೇ ಬರುತ್ತಿತ್ತು, ಈಗ ಬರೆಯಲೂ ಬರುತ್ತದೆ. ಓಲ್ಡ್ ಅಂತ ಇಟ್ಟ ನಕಲನ್ನು ಎಫ್‌ಎಸ್‌ಟ್ಯಾಬ್ ಮೇಲೆ ಕಾಪಿ ಮಾಡಿ ರೀಬೂಟ್ ಮಾಡಿ. ನಕಲು ಇಟ್ಟುಕೊಂಡವರಿಗೆ ಇದು ಎರಡು ನಿಮಿಷದ ಕೆಲಸ.

"/ಟಿಎಂಪಿ" ಫೋಲ್ಡರನ್ನೇ ಮೆಮೊರಿಗೆ ಹಾಕಬೇಕು ಅನ್ನುವವರಿಗೆ ಎಫ್‌ಎಸ್‌ಟ್ಯಾಬ್ ಮುಟ್ಟುವ ಕೆಲಸವೂ ಇಲ್ಲ. "/ಇಟಿಸಿ/ಆರ್‌ಸಿ.ಕಾನ್ಫ್" ಫೈಲ್‌ನಲ್ಲಿ ಟಿಎಂಪಿಎಂಎಫ್‌ಎಸ್="ಯೆಸ್" ಮತ್ತು ಟಿಎಂಪಿಸೈಜ್="512ಎಂ" ಅಂತ ಎರಡು ಸಾಲು ಸೇರಿಸಿದರೆ ಆಯಿತು. ಯೆಸ್ ದೊಡ್ಡಕ್ಷರದಲ್ಲಿ ಬರೆಯುವುದು ರೂಢಿ.

ಲಾಗ್ ಫೋಲ್ಡರನ್ನು ಮೆಮೊರಿಗೆ ಹಾಕಿದವರು ಇನ್ನೊಂದು ಗಮನಿಸಬೇಕು. ಪ್ರತಿ ಬೂಟ್‌ಗೂ ಡಿಸ್ಕ್ ಖಾಲಿಯಾಗಿ ಹುಟ್ಟುತ್ತದೆ. ಒಳಗಿನ ಉಪಫೋಲ್ಡರ್‌ಗಳೂ ಇರುವುದಿಲ್ಲ. ಎಂಜಿನ್‌ಎಕ್ಸ್‌ನಂಥ ವೆಬ್ ಸರ್ವರ್ ತನ್ನ ಲಾಗ್ ಫೋಲ್ಡರ್ ಹುಡುಕಿ, ಸಿಗದೆ, ಶುರುವಾಗದೆ ಕೂತುಬಿಡುತ್ತದೆ. ಆ ಫೋಲ್ಡರ್‌ಗಳನ್ನು ಹುಟ್ಟಿಸುವ ಸಾಲುಗಳನ್ನು "/ಇಟಿಸಿ/ಆರ್‌ಸಿ.ಲೋಕಲ್" ಫೈಲ್‌ನಲ್ಲಿ ಬರೆದಿಡಿ.

## ಹಂತ 9: ಬಿಚ್ಚುವುದು

ಸಿಡಿ /

ಅನ್‌ಮೌಂಟ್ ಮಾಡುವ ಕಮಾಂಡ್‌ನ ಹೆಸರಲ್ಲಿ ಮೊದಲ ಎನ್ ಇಲ್ಲ. ಯು ಆದ ಕೂಡಲೇ ಮೌಂಟ್:

ಯುಮೌಂಟ್ /ರ್ಯಾಮ್

ಎಂಡಿಕಾನ್ಫಿಗ್ -ಡಿ -ಯು 1

ಎಂಡಿಕಾನ್ಫಿಗ್ -ಎಲ್

ಸಿಂಧನೂರಿನವರು ಎರಡನೆಯ ಕಮಾಂಡ್‌ಗೇ ನಿಲ್ಲಿಸಿದ್ದರು. ಯುಮೌಂಟ್ ಮಾಡಿದರೆ ಫೋಲ್ಡರ್‌ನಿಂದ ಡಿಸ್ಕ್ ಕಳಚುತ್ತದೆ ಅಷ್ಟೇ. ಡಿಸ್ಕ್ ಇನ್ನೂ ಇದೆ, ಅದರೊಳಗಿನ ಫೈಲ್‌ಗಳೂ ಇವೆ, ಮೆಮೊರಿಯೂ ಅದರ ಕೈಯಲ್ಲೇ ಇದೆ. "-ಡಿ" ಕೊಟ್ಟಾಗಲೇ ಬಿಡುಗಡೆ. ಎಫ್‌ಎಸ್‌ಟ್ಯಾಬ್‌ನಿಂದ ಬಂದ ಡಿಸ್ಕ್ ಆದರೆ ನಂಬರ್ 1 ಆಗಿಯೇ ಇರಬೇಕೆಂದಿಲ್ಲ. ಯುಮೌಂಟ್ ಮಾಡುವ ಮುಂಚೆ ಡಿಎಫ್ ಕೊಟ್ಟು ಯಾವ ಎಂಡಿ ಅಂತ ನೋಡಿಕೊಳ್ಳಿ. ಟಿಎಂಪಿಎಫ್‌ಎಸ್‌ಗೆ ಯುಮೌಂಟ್ ಒಂದೇ ಸಾಕು.

"ಡಿವೈಸ್ ಬ್ಯುಸಿ" ಅಂತ ಬಂದರೆ ಯಾರೋ ಒಳಗಿದ್ದಾರೆ. ಬಹಳ ಸಲ ಅದು ನಿಮ್ಮದೇ ಇನ್ನೊಂದು ಟರ್ಮಿನಲ್, ಆ ಫೋಲ್ಡರ್‌ನಲ್ಲೇ ನಿಂತಿರುತ್ತದೆ. "ಎಫ್‌ಸ್ಟ್ಯಾಟ್ -ಎಫ್ /ರ್ಯಾಮ್" ಯಾವ ಪ್ರೋಗ್ರಾಂ ಹಿಡಿದಿದೆ ಅಂತ ಹೇಳುತ್ತದೆ. ಅದನ್ನು ನಿಲ್ಲಿಸಿ, ಮತ್ತೆ ಪ್ರಯತ್ನಿಸಿ. ಬಲವಂತದ ಯುಮೌಂಟ್ ಇದೆ, ಆದರೆ ಅದು ಬರೆಯುತ್ತಿರುವ ಪ್ರೋಗ್ರಾಂನ ಕೈಯಿಂದ ಕಾಗದ ಕಿತ್ತುಕೊಂಡ ಹಾಗೆ. ಬೇಡ.

## ಸ್ವಲ್ಪವಾದರೂ ಉಳಿಯಬೇಕು ಅನ್ನುವವರಿಗೆ

ಕೆಲವು ಫೈಲ್‌ಗಳು ಎರಡೂ ಸಾಲಿಗೆ ಸೇರಲ್ಲ. ಹೋದರೆ ಪ್ರಪಂಚ ಮುಳುಗಲ್ಲ, ಆದರೆ ಮತ್ತೆ ಮಾಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಕೌಲ್ ಬಜಾರ್ ಕಡೆಯ ಜೀನ್ಸ್ ಘಟಕವೊಂದರಲ್ಲಿ ಸಾವಿರಾರು ಡಿಸೈನ್ ಫೋಟೋಗಳ ಥಂಬ್‌ನೇಲ್ ಇದ್ದರೆ ಹೀಗೇ ಆಗುತ್ತದೆ. ಅಂಥವನ್ನು ಕ್ರಾನ್ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಸೇವೆ) ಮೂಲಕ ಹತ್ತು ನಿಮಿಷಕ್ಕೊಮ್ಮೆ ನಿಜವಾದ ಡಿಸ್ಕ್‌ಗೆ ಕಾಪಿ ಮಾಡಿಸಿ. ಮಷೀನ್ ಕ್ರಮಬದ್ಧವಾಗಿ ಮುಚ್ಚುವಾಗಲೂ ಕಾಪಿ ಆಗಬೇಕಾದರೆ ಆ ಸಾಲನ್ನು "/ಇಟಿಸಿ/ಆರ್‌ಸಿ.ಶಟ್‌ಡೌನ್.ಲೋಕಲ್" ಫೈಲ್‌ನಲ್ಲಿ ಬರೆಯಿರಿ. ಆದರೆ ಕರೆಂಟ್ ಹಠಾತ್ತಾಗಿ ಹೋದರೆ ಈ ಫೈಲ್ ಓಡುವುದೇ ಇಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಯುಪಿಎಸ್ ಮತ್ತು ಕ್ರಾನ್ ಎರಡೇ. ನಮ್ಮ ಕಡೆ ಬೇಸಿಗೆಯ ಗಾಳಿ ಮಳೆಗೆ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ.

## ಎಚ್ಚರಿಕೆಯ ಲಕ್ಷಣಗಳು

ಮೊದಲ ಒಂದು ವಾರ ದಿನಕ್ಕೊಮ್ಮೆ ಸ್ವಾಪ್‌ಇನ್ಫೋ ನೋಡಿ. ಸ್ವಾಪ್ ಬಳಕೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ದೊಡ್ಡದಾಗಿದೆ, ಇಲ್ಲವೇ ಯಾರೂ ಒಳಗಿನ ಕಸ ಅಳಿಸುತ್ತಿಲ್ಲ. ಸಣ್ಣ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕನ್ಸೋಲ್‌ನಲ್ಲಿ /ರ್ಯಾಮ್ ಹೆಸರಿನ ಜೊತೆ "ಫೈಲ್‌ಸಿಸ್ಟಂ ಫುಲ್" ಅಂತ ಬಂದರೆ ಡಿಸ್ಕ್ ತುಂಬಿದೆ ಅಷ್ಟೇ. ಅಳಿಸಿ, ಅಥವಾ ಅಳತೆ ಹೆಚ್ಚಿಸಿ. ಆದರೆ ಯಾವುದೋ ಪ್ರೋಗ್ರಾಂ ಕೊಲ್ಲಲ್ಪಟ್ಟಿತು, ಸ್ವಾಪ್ ಜಾಗ ಮುಗಿಯಿತು ಅಥವಾ ಮೆಮೊರಿ ಹಿಂಪಡೆಯಲು ಆಗಲಿಲ್ಲ ಅನ್ನುವ ಅರ್ಥದ ಸಾಲು ಬಂದರೆ ವಿಷಯ ಗಂಭೀರ. ಕರ್ನೆಲ್ ಮೆಮೊರಿಗಾಗಿ ಓಡುತ್ತಿರುವ ಪ್ರೋಗ್ರಾಂಗಳನ್ನೇ ಬಲಿ ಕೊಡುತ್ತಿದೆ. ದೊಡ್ಡ ಪ್ರೋಗ್ರಾಂ ಮೊದಲು ಹೋಗುತ್ತದೆ, ಅದು ನಿಮ್ಮ ಡೇಟಾಬೇಸ್ ಆಗಿರಬಹುದು. ಅವತ್ತೇ ಡಿಸ್ಕ್ ಬಿಚ್ಚಿ, ಅರ್ಧ ಅಳತೆಯಲ್ಲಿ ಮತ್ತೆ ಕಟ್ಟಿ.

## ಐಎಸ್‌ಒ ಫೈಲ್ ತೆರೆಯುವುದು

ಎಂಡಿಯ ಇನ್ನೊಂದು ಉಪಯೋಗ. ಇಳಿಸಿಕೊಂಡ ಐಎಸ್‌ಒ ಫೈಲನ್ನು ಡಿವಿಡಿಗೆ ಬರೆಯದೆಯೇ ಒಳಗೆ ನೋಡಬಹುದು:

ಎಂಡಿಕಾನ್ಫಿಗ್ -ಎಫ್ ಡಿಸ್ಕ್.ಐಎಸ್‌ಒ -ಯು 0

ಮೌಂಟ್ -ಟಿ ಸಿಡಿ9660 /ಡೆವ್/ಎಂಡಿ0 /ಎಂಎನ್‌ಟಿ

"-ಎಫ್" ಕೊಟ್ಟಾಗ ಬಗೆ ಹೇಳಬೇಕಿಲ್ಲ, ವಿನೋಡ್ ಅಂತ ತಾನೇ ತಿಳಿಯುತ್ತದೆ. ನ್ಯೂಎಫ್‌ಎಸ್ ಮಾತ್ರ ಕೊಡಬೇಡಿ, ಫೈಲ್ ಸಿಸ್ಟಂ ಒಳಗೆ ಆಗಲೇ ಇದೆ. ನೋಡಿದ ಮೇಲೆ ಒಂಬತ್ತನೇ ಹಂತದಂತೆಯೇ ಬಿಚ್ಚಿ, ನಂಬರ್ ಸೊನ್ನೆ.

## ಲಿನಕ್ಸ್ ಇರುವವರಿಗೆ

ಲಿನಕ್ಸ್‌ನಲ್ಲಿ ಎಂಡಿಕಾನ್ಫಿಗ್ ಇಲ್ಲ. ಏಳನೇ ಹಂತದ ಟಿಎಂಪಿಎಫ್‌ಎಸ್ ಸಾಲನ್ನು ಹಾಗೇ ಬಳಸಿ. ಸೈಜ್ ಕೊಡದಿದ್ದರೆ ಲಿನಕ್ಸ್ ತಾನಾಗಿ ರ್ಯಾಮ್‌ನ ಅರ್ಧಕ್ಕೆ ಮಿತಿ ಹಾಕುತ್ತದೆ, ಆದರೂ ನೀವೇ ಕೊಡುವುದು ಒಳ್ಳೆಯದು. ಒಳಗಿನ ಫೈಲ್ ಹೋಗದಂತೆ ಅಳತೆ ಬದಲಾಯಿಸಲು "ಮೌಂಟ್ -ಓ ರಿಮೌಂಟ್,ಸೈಜ್=1ಜಿ /ರ್ಯಾಮ್" ಇದೆ. "ರ್ಯಾಮ್‌ಎಫ್‌ಎಸ್" ಅನ್ನುವುದರ ಹತ್ತಿರ ಹೋಗಬೇಡಿ. ಅದಕ್ಕೆ ಮಿತಿಯೂ ಇಲ್ಲ, ಸ್ವಾಪ್‌ಗೆ ಹೋಗುವುದೂ ಇಲ್ಲ.

ಎಫ್‌ಎಸ್‌ಟ್ಯಾಬ್ ಸಾಲಿನಲ್ಲಿ ಫೇಲ್‌ಓಕೆ ಬದಲು "ನೋಫೇಲ್" ಬರೆಯಬೇಕು, ಆರ್‌ಡಬ್ಲ್ಯು ಬದಲು "ಡಿಫಾಲ್ಟ್ಸ್" ಬರೆದರೂ ನಡೆಯುತ್ತದೆ. ಉಳಿದದ್ದೆಲ್ಲ ಒಂದೇ. ಸಿಸ್ಟಂಡಿ (ಬೂಟ್ ಮತ್ತು ಸೇವೆಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಇರುವ ಕಡೆ ಸಾಲು ಸೇರಿಸಿದ ಮೇಲೆ "ಸಿಸ್ಟಂಸಿಟಿಎಲ್ ಡೀಮನ್-ರೀಲೋಡ್" ಕೊಟ್ಟು, ನಂತರ "ಮೌಂಟ್ /ರ್ಯಾಮ್" ಪರೀಕ್ಷೆ ಮಾಡಿ, ಅದು ಸರಿ ಬಂದ ಮೇಲೆ ರೀಬೂಟ್ ಮಾಡಿ.